ಆಸ್ತಮಾಗೆ ಬಂದ ಹುಡುಗನಿಗೆ ಆ ಪ್ರಶ್ನೆ ಯಾಕೆ ಕೇಳಬೇಕು?

ಪ್ರಶ್ನೆ: ಮೈಸೂರಿನಲ್ಲಿ ಎಂಬಿಬಿಎಸ್ ಮುಗಿಸಿ ಈಗ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮಕ್ಕಳ ವಿಭಾಗದಲ್ಲಿ ರೆಸಿಡೆನ್ಸಿ, ಅಂದರೆ ತಜ್ಞವೈದ್ಯರ ತರಬೇತಿ, ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದ ಮಕ್ಕಳು. 12 ವರ್ಷ ದಾಟಿದ ಪ್ರತಿಯೊಬ್ಬರಿಗೂ ಆತ್ಮಹತ್ಯೆಯ ಯೋಚನೆ ಬಂದಿದೆಯಾ ಅಂತ ಕೇಳಲೇಬೇಕು ಅನ್ನುವುದು ಇಲ್ಲಿನ ನಿಯಮ. ಆಸ್ತಮಾಗೆ ಬಂದರೂ ಸರಿ, ಕಾಲು ಉಳುಕಿ ಬಂದರೂ ಸರಿ. ಮೊನ್ನೆ ಒಬ್ಬ ತಾಯಿ ನನ್ನ ಮೇಲೆ ಸಿಟ್ಟಾದರು. ಕೇಳಿದರೆ ಇಲ್ಲದ ಹುಳ ತಲೆಗೆ ಬಿಟ್ಟ ಹಾಗೆ ಆಗಲ್ವಾ? ಕಪ್ಪು ಜನರಲ್ಲಿ ಆತ್ಮಹತ್ಯೆ ಕಡಿಮೆ ಎಂದೂ ಓದಿದ್ದೆ. ಮಾನಸಿಕ ಚಿಕಿತ್ಸೆಗೆ ಕಳಿಸಿದರೂ ಇವರು ಹೋಗುವುದಿಲ್ಲ ಅಂತ ಸೀನಿಯರ್‌ಗಳು ಹೇಳುತ್ತಾರೆ. ಹಾಗಿದ್ದ ಮೇಲೆ ಕೇಳಿ ಏನು ಪ್ರಯೋಜನ?

ಉತ್ತರ: ಮೊದಲು ಹುಳದ ವಿಷಯ ಮುಗಿಸಿಬಿಡೋಣ, ಅದಕ್ಕೆ ಉತ್ತರ ಸಿಕ್ಕಿ ಇಪ್ಪತ್ತು ವರ್ಷ ಆಯಿತು. ನ್ಯೂಯಾರ್ಕ್ ರಾಜ್ಯದ ಆರು ಹೈಸ್ಕೂಲುಗಳಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ, ಸಾಯುವ ಯೋಚನೆಯಾಗಲಿ ಹೆಚ್ಚಾಗಲಿಲ್ಲ. ಮೊದಲೇ ಖಿನ್ನತೆ ಇದ್ದ ಮಕ್ಕಳಿಗಂತೂ ಯಾರೋ ಕೇಳಿದ್ದರಿಂದ ಸ್ವಲ್ಪ ಹಗುರವೇ ಆಯಿತು. ಈ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ನಂತರ ಬಂದ ಅಧ್ಯಯನಗಳೂ ಇದನ್ನು ಅಲ್ಲಗಳೆದಿಲ್ಲ. ಆದ್ದರಿಂದ ಆ ಭಯ ಬಿಡಿ. ನಿಮಗಾಗುವ ಮುಜುಗರ ನಿಜ, ಆದರೆ ಅದು ನಿಮ್ಮದು, ಮಗುವಿನದ್ದಲ್ಲ.

‘ಕಪ್ಪು ಜನರಲ್ಲಿ ಕಡಿಮೆ’ ಅನ್ನೋದಕ್ಕೆ ಬರುತ್ತೇನೆ. ನೀವು ಓದಿದ್ದು ಸುಳ್ಳಲ್ಲ, ಹಳೆಯದು. ಎಲ್ಲ ವಯಸ್ಸಿನವರನ್ನೂ ಒಟ್ಟು ಸೇರಿಸಿದರೆ ಅಮೆರಿಕದಲ್ಲಿ ಬಿಳಿಯರ ಪ್ರಮಾಣವೇ ಜಾಸ್ತಿ, ಅದರಲ್ಲೂ ನಡುವಯಸ್ಸಿನ, ಇಳಿವಯಸ್ಸಿನ ಗಂಡಸರಲ್ಲಿ. ಪಠ್ಯಪುಸ್ತಕ ಬರೆದವರು ಆ ಒಟ್ಟು ಸಂಖ್ಯೆ ನೋಡಿ ಬರೆದರು, ಮಕ್ಕಳನ್ನು ಬೇರೆ ಮಾಡಿ ನೋಡಲಿಲ್ಲ. ಜೆಫ್ರಿ ಬ್ರಿಜ್ ಎಂಬ ಸಂಶೋಧಕರ ತಂಡ ಹಾಗೆ ಬೇರೆ ಮಾಡಿ ನೋಡಿದಾಗ ಚಿತ್ರ ತಿರುಗಿಬಿತ್ತು. 2001ರಿಂದ 2015ರವರೆಗಿನ ಲೆಕ್ಕದಲ್ಲಿ 13ರಿಂದ 17 ವಯಸ್ಸಿನ ಕಪ್ಪು ಮಕ್ಕಳ ಪ್ರಮಾಣ ಬಿಳಿ ಮಕ್ಕಳ ಅರ್ಧದಷ್ಟಿತ್ತು, ಸರಿ. ಆದರೆ 5ರಿಂದ 12ರ ವಯಸ್ಸಿನಲ್ಲಿ ಕಪ್ಪು ಮಕ್ಕಳದ್ದು ಹೆಚ್ಚುಕಡಿಮೆ ಎರಡು ಪಟ್ಟು. ಪ್ರೈಮರಿ ಸ್ಕೂಲಿನ ಮಕ್ಕಳು, ಯೋಚನೆ ಮಾಡಿ. ಆ ವಯಸ್ಸಿನಲ್ಲಿ ಇಂಥ ಸಾವು ತೀರಾ ಅಪರೂಪ ನಿಜ, ಹಾಗಂತ ಆ ಅಂತರವನ್ನು ಸುಮ್ನೆ ಪಕ್ಕಕ್ಕಿಡಲು ಆಗುವುದಿಲ್ಲ.

ದೊಡ್ಡ ಮಕ್ಕಳ ಸುರಕ್ಷಿತ ಅಂತರವೂ ಕರಗತೊಡಗಿತ್ತು. 1991ರಿಂದ 2017ರ ನಡುವೆ ಹೈಸ್ಕೂಲಿನ ಕಪ್ಪು ಮಕ್ಕಳಲ್ಲಿ ಆತ್ಮಹತ್ಯೆಯ ಪ್ರಯತ್ನ ಮಾಡಿದೆವು ಎಂದು ಹೇಳಿಕೊಂಡವರ ಪ್ರಮಾಣ ಶೇ 73 ಏರಿತ್ತು. ಮೈಕಲ್ ಲಿಂಡ್ಸೆ ಮತ್ತು ಸಂಗಡಿಗರು 2019ರಲ್ಲಿ ಇದನ್ನು ಬರೆದರು. ಅದೇ ವರ್ಷ ಅಮೆರಿಕದ ಸಂಸತ್ತಿನ ಕಪ್ಪು ಸದಸ್ಯರ ಕೂಟ ಇದಕ್ಕೆಂದೇ ಒಂದು ತುರ್ತು ಕಾರ್ಯಪಡೆ ಮಾಡಿತು. ನ್ಯೂಜೆರ್ಸಿಯ ಸಂಸದೆ ಬಾನಿ ವಾಟ್ಸನ್ ಕೋಲ್ಮನ್ ಅದರ ಅಧ್ಯಕ್ಷೆ. ವರ್ಷದ ಕೊನೆಗೆ ವರದಿಯೂ ಬಂತು. ಮರುವರ್ಷ ಕೋವಿಡ್ ಬಂತು. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಲೆಕ್ಕದಲ್ಲಿ 10ರಿಂದ 24 ವಯಸ್ಸಿನ ಕಪ್ಪು ಜನರಲ್ಲಿ ಆತ್ಮಹತ್ಯೆಯ ಪ್ರಮಾಣ 2018ರಲ್ಲಿ ಲಕ್ಷಕ್ಕೆ 8.2 ಇದ್ದದ್ದು 2021ಕ್ಕೆ 11.2 ಆಯಿತು. ಮೂರೇ ವರ್ಷದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಏರಿಕೆ. 2021ರ ಡಿಸೆಂಬರ್‌ನಲ್ಲಿ ಆಗಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ, ಹೌದು, ಮಂಡ್ಯದ ಹಲ್ಲೆಗೆರೆ ಮೂಲದವರೇ, ಎಳೆಯರ ಮಾನಸಿಕ ಆರೋಗ್ಯದ ಬಗ್ಗೆ ಎಚ್ಚರಿಕೆ ಹೊರಡಿಸಿದಾಗ ಪುಟ್ಟ ಕಪ್ಪು ಮಕ್ಕಳ ಆ ಎರಡು ಪಟ್ಟಿನ ಸಂಗತಿಯನ್ನೂ ಅದರಲ್ಲಿ ಹೇಳಿದ್ದರು. ಆಮೇಲೆ ಸ್ವಲ್ಪ ಒಳ್ಳೆಯ ಸುದ್ದಿಯೂ ಇದೆ. ಒಂದು ವರ್ಷದಲ್ಲಿ ಪ್ರಯತ್ನ ಮಾಡಿದ್ದೆ ಎಂದ ಹೈಸ್ಕೂಲಿನ ಕಪ್ಪು ಮಕ್ಕಳು 2021ರ ಸಮೀಕ್ಷೆಯಲ್ಲಿ ಶೇ 14 ಇದ್ದರು, 2023ಕ್ಕೆ ಶೇ 10ಕ್ಕೆ ಇಳಿದರು. ಇಳಿದರೂ ಹತ್ತರಲ್ಲಿ ಒಬ್ಬರು. ನೀವು ಒಂದು ದಿನದಲ್ಲಿ ಎಷ್ಟು ಮಕ್ಕಳನ್ನು ನೋಡುತ್ತೀರಿ, ಲೆಕ್ಕ ಹಾಕಿಕೊಳ್ಳಿ.

ಈಗ ನಿಮ್ಮ ಸೀನಿಯರ್‌ಗಳ ಮಾತು. ‘ಇವರು ಹೋಗುವುದಿಲ್ಲ.’ ಈ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ, ಯಾಕೆಂದರೆ ಅರ್ಧ ಸತ್ಯ ಹೇಳಿ ಇಡೀ ಜವಾಬ್ದಾರಿಯಿಂದ ಜಾರಿಕೊಳ್ಳುವ ಮಾತು ಇದು. ಮನೋವೈದ್ಯರ ಹತ್ತಿರ, ಕೌನ್ಸೆಲರ್ ಹತ್ತಿರ ಕಪ್ಪು ಮಕ್ಕಳು ಬಿಳಿ ಮಕ್ಕಳಿಗಿಂತ ತುಂಬಾ ಕಡಿಮೆ ಹೋಗುತ್ತಾರೆ, ನಿಜ. ಖಿನ್ನತೆ ಇದೆ ಎಂದು ಗೊತ್ತಾದವರಲ್ಲೂ ಚಿಕಿತ್ಸೆ ಸಿಗುವುದು ಕಡಿಮೆ. ಆದರೆ ಆಸ್ಪತ್ರೆಗೆ ಬರುವುದಿಲ್ಲ ಅನ್ನೋದು ಸುಳ್ಳು. ಬರುತ್ತಾರೆ. ನಿಮ್ಮ ಹತ್ತಿರ ಬರುತ್ತಾರೆ! ಎಮರ್ಜೆನ್ಸಿಗೆ ಬರುತ್ತಾರೆ, ಆಸ್ತಮಾಗೆ ಬರುತ್ತಾರೆ, ಶಾಲೆಯ ತಂಡಕ್ಕೆ ಸೇರಲು ಬೇಕಾದ ಫಿಟ್ನೆಸ್ ಫಾರ್ಮಿಗೆ ಸಹಿ ಹಾಕಿಸಿಕೊಳ್ಳಲು ಬರುತ್ತಾರೆ. ಸಿಕಲ್ ಸೆಲ್ ಎಂಬ ವಂಶವಾಹಿ ರಕ್ತದ ಕಾಯಿಲೆ ಇರುವ ಮಕ್ಕಳು, ಅಮೆರಿಕದಲ್ಲಿ ಅವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಕಪ್ಪು ಜನ, ನೋವು ತಡೆಯಲಾರದೆ ಮತ್ತೆ ಮತ್ತೆ ಬರುತ್ತಾರೆ. ಅವರು ಬರುವ ಬಾಗಿಲು ಬೇರೆ, ನಾವು ಆತ್ಮಹತ್ಯೆ ತಡೆಯಲು ಕಾದು ಕೂತಿರುವ ಬಾಗಿಲು ಬೇರೆ. ಇಡೀ ಸಮಸ್ಯೆ ಇರುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಇದಕ್ಕೆ ಪುರಾವೆ ನಿಮ್ಮ ಊರಲ್ಲೇ ಇದೆ. ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆ ಸಮೂಹದ ಬ್ರಯನ್ ಅಹ್ಮದಾನಿ ಮತ್ತು ಸಂಗಡಿಗರು ಬೇರೆ ಬೇರೆ ರಾಜ್ಯಗಳಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ಸಾವಿರಾರು ಜನರ ಆಸ್ಪತ್ರೆ ದಾಖಲೆ ತೆಗೆದು ನೋಡಿದರು. 2014ರಲ್ಲಿ ಪ್ರಕಟವಾಯಿತು. ಸಾಯುವ ಮುಂಚಿನ ವರ್ಷದಲ್ಲಿ ಶೇ 83 ಜನ ಯಾವುದಾದರೂ ವೈದ್ಯರ ಹತ್ತಿರ ಬಂದು ಹೋಗಿದ್ದರು. ಅರ್ಧದಷ್ಟು ಜನ ಕೊನೆಯ ನಾಲ್ಕು ವಾರದಲ್ಲೇ ಬಂದಿದ್ದರು. ಅವರಲ್ಲಿ ತುಂಬಾ ಜನರಿಗೆ ಮಾನಸಿಕ ಕಾಯಿಲೆಯ ಹೆಸರೇ ಫೈಲಿನಲ್ಲಿರಲಿಲ್ಲ. ಇದು ದೊಡ್ಡವರೂ ಸೇರಿದ ಲೆಕ್ಕ, ಎಲ್ಲ ಬಣ್ಣದವರ ಲೆಕ್ಕ. ಮಕ್ಕಳದ್ದೇ ಬೇಕೆಂದರೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಮಕ್ಕಳ ಎಮರ್ಜೆನ್ಸಿಯ ಕೆಲಸ ನೋಡಿ. ಸುಮಾರು 15 ಸಾವಿರ ಮಕ್ಕಳು, ಅದರಲ್ಲಿ ಮೂರನೇ ಎರಡು ಪಾಲು ಕಪ್ಪು ಮಕ್ಕಳು. ಮೊದಲು ಮಾನಸಿಕ ತೊಂದರೆ ಎಂದು ಬಂದವರನ್ನು ಮಾತ್ರ ಕೇಳುತ್ತಿದ್ದರು, ಆಮೇಲೆ ಎಲ್ಲರನ್ನೂ ಕೇಳಲು ಶುರುಮಾಡಿದರು. ಎಲ್ಲರನ್ನೂ ಕೇಳಿದಾಗ ಮೊದಲು ಕಣ್ಣಿಗೇ ಬೀಳದ ಮಕ್ಕಳು ಸಿಕ್ಕರು. ಹೊಟ್ಟೆನೋವು ಅಂತ ಬಂದು ಈ ಪ್ರಶ್ನೆಗೆ ‘ಹೌದು’ ಎಂದ ಮಕ್ಕಳು ಮುಂದೆ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನದಿಂದ ಎಮರ್ಜೆನ್ಸಿಗೆ ಮರಳುವ ಸಾಧ್ಯತೆ ಉಳಿದವರಿಗಿಂತ ಜಾಸ್ತಿ ಇತ್ತು. ಆಸ್ತಮಾಗೆ ಬಂದವನನ್ನು ಯಾಕೆ ಕೇಳಬೇಕು ಅಂದರೆ, ಇದಕ್ಕೇ.

ಇನ್ನೊಂದು ಕಾರಣವೂ ಇದೆ, ಇದನ್ನು ರೆಸಿಡೆನ್ಸಿಯಲ್ಲಿ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಎಲ್ಲರನ್ನೂ ಕೇಳುವ ನಿಯಮ ಇಲ್ಲದಿದ್ದರೆ ಯಾರನ್ನು ಕೇಳಬೇಕು ಎಂದು ನಮ್ಮ ಕಣ್ಣು ತೀರ್ಮಾನ ಮಾಡುತ್ತದೆ. ನಮ್ಮ ಕಣ್ಣು ನಂಬಿಕೆಗೆ ಅರ್ಹ ಅಲ್ಲ. ಬಾಡಿದ ಮುಖ, ಕಣ್ಣೀರು, ಮೌನ, ಇದು ನಮ್ಮ ತಲೆಯಲ್ಲಿರುವ ಖಿನ್ನತೆಯ ಚಿತ್ರ. ತುಂಬಾ ಮಕ್ಕಳಲ್ಲಿ ಖಿನ್ನತೆ ಸಿಡುಕಾಗಿ ಬರುತ್ತದೆ. ಎದುರು ಮಾತು, ಜಗಳ, ಶಾಲೆಯಿಂದ ಸಸ್ಪೆಂಡ್, ತಲೆನೋವು, ನಿದ್ದೆ ಇಲ್ಲದ್ದು. ಇದೇ ಸಿಡುಕು ಬಿಳಿ ಹುಡುಗನಲ್ಲಿ ಕಂಡರೆ ‘ಏನೋ ಬೇಜಾರಿದೆ’ ಎನ್ನುತ್ತಾರೆ. ಕಪ್ಪು ಹುಡುಗನಲ್ಲಿ ಕಂಡರೆ ‘ನಡತೆ ಸರಿಯಿಲ್ಲ’ ಎಂದು ಬರೆಯುತ್ತಾರೆ. ಕಾಂಡಕ್ಟ್ ಡಿಸಾರ್ಡರ್ ಎಂಬ ಹಣೆಪಟ್ಟಿ ಯಾರಿಗೆ ಜಾಸ್ತಿ ಬೀಳುತ್ತದೆ ಎಂದು ನಿಮ್ಮ ವಾರ್ಡಿನ ಫೈಲುಗಳನ್ನೇ ನೋಡಿ. ಕಪ್ಪು ಹುಡುಗರನ್ನು ಅವರ ವಯಸ್ಸಿಗಿಂತ ದೊಡ್ಡವರೆಂದು ಜನ ಭಾವಿಸುತ್ತಾರೆ ಎಂದು 2014ರಲ್ಲಿ ಒಂದು ಅಧ್ಯಯನ ತೋರಿಸಿತು. 2017ರಲ್ಲಿ ಜಾರ್ಜ್‌ಟೌನ್‌ನ ಸಂಶೋಧಕರು ಕಪ್ಪು ಹುಡುಗಿಯರ ಬಗ್ಗೆಯೂ ಅದನ್ನೇ ಕಂಡರು, ಐದು ವರ್ಷದ ಹುಡುಗಿಯರಿಂದಲೇ ಶುರು. ಇವಳಿಗೆ ಸಾಂತ್ವನ ಅಷ್ಟೇನೂ ಬೇಕಿಲ್ಲ, ಇವಳು ಗಟ್ಟಿ, ಅನ್ನೋ ಭಾವನೆ. ಕಪ್ಪು ಮಕ್ಕಳ ಆತ್ಮಹತ್ಯೆಯಲ್ಲಿ ಹುಡುಗಿಯರದ್ದೇ ಏರಿಕೆ ವೇಗವಾಗಿತ್ತು ಎಂದು ಏರಿಯಲ್ ಶೆಫ್ಟಾಲ್ ತಂಡ 2003ರಿಂದ 2017ರ ಅಂಕಿಅಂಶ ನೋಡಿ ಹೇಳಿದೆ. ಇದೇ ಶೆಫ್ಟಾಲ್ ಮೊದಲು ಮಾಡಿದ ಇನ್ನೊಂದು ಕೆಲಸದಲ್ಲಿ 5ರಿಂದ 11 ವರ್ಷದ ಮಕ್ಕಳ ಇಂಥ ಸಾವುಗಳನ್ನು ನೋಡಿದ್ದರು. ಮಾನಸಿಕ ತೊಂದರೆ ಇದೆ ಎಂದು ಮೊದಲೇ ಗೊತ್ತಿದ್ದ ಆ ಪುಟ್ಟ ಮಕ್ಕಳಲ್ಲಿ ಖಿನ್ನತೆಗಿಂತ ಎಡಿಎಚ್‌ಡಿಯೇ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಜಾಸ್ತಿ ಕಂಡಿತ್ತು. ಅಂದರೆ ‘ಖಿನ್ನತೆ ಇದ್ದವರನ್ನು ಮಾತ್ರ ಕೇಳಿ’ ಎಂಬ ಲೆಕ್ಕ ಪುಟ್ಟ ಮಕ್ಕಳಲ್ಲಿ ಸುತರಾಂ ನಡೆಯುವುದಿಲ್ಲ.

ಹಾಗಾದರೆ ಹೇಗೆ ಕೇಳೋದು? ನಿಮ್ಮಲ್ಲಿ ಬಹುಶಃ ಬಳಸುತ್ತಿರುವುದು ಎಎಸ್‌ಕ್ಯೂ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಲೀಸಾ ಹೊರೊವಿಟ್ಜ್ ತಂಡ ಮಕ್ಕಳ ಎಮರ್ಜೆನ್ಸಿಗಳಲ್ಲೇ ಪರೀಕ್ಷೆ ಮಾಡಿ 2012ರಲ್ಲಿ ಕೊಟ್ಟ ನಾಲ್ಕು ಪ್ರಶ್ನೆ. ಇಪ್ಪತ್ತು ಸೆಕೆಂಡಿನ ಕೆಲಸ, ಉಚಿತ. ನಾಲ್ಕರಲ್ಲಿ ಒಂದಕ್ಕೆ ‘ಹೌದು’ ಬಂದರೂ ಐದನೆಯದು ಕೇಳಬೇಕು: ಈಗ, ಈ ಕ್ಷಣ ಆ ಯೋಚನೆ ಇದೆಯಾ? ಅದಕ್ಕೂ ‘ಹೌದು’ ಎಂದರೆ ಮಗುವನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಪೂರ್ತಿ ಮೌಲ್ಯಮಾಪನ ಆಗುವವರೆಗೆ ಮನೆಗೆ ಕಳಿಸುವ ಹಾಗೂ ಇಲ್ಲ. ಇಲ್ಲ ಎಂದರೆ ಅವತ್ತೇ ಯಾರಾದರೂ ತರಬೇತಿ ಪಡೆದವರು ಕೂತು ಹತ್ತು ಹದಿನೈದು ನಿಮಿಷ ಮಾತಾಡಿ, ಮುಂದೇನು ಎಂದು ನಿರ್ಧರಿಸಬೇಕು. 12 ವರ್ಷದಿಂದ ಎಲ್ಲರಿಗೂ, 8ರಿಂದ 11ರವರಿಗೆ ಅನುಮಾನ ಬಂದಾಗ, ಎಂಬುದು 2022ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳಿದ ಕ್ರಮ. ಕಪ್ಪು ಮಕ್ಕಳ ಮಟ್ಟಿಗೆ ಆ ‘ಅನುಮಾನ ಬಂದಾಗ’ ಎಂಬುದನ್ನು ಸ್ವಲ್ಪ ಧಾರಾಳವಾಗಿ ಓದಿಕೊಳ್ಳಿ ಎಂದು ನಾನು ಹೇಳುತ್ತೇನೆ. ಯಾಕೆಂದು ಮೇಲೆ ಹೇಳಿದ್ದೇನೆ.

ಪ್ರಶ್ನೆಗಳನ್ನು ಬರೆದಿರುವಂತೆಯೇ ಓದಿ. ‘ನಿನಗೆ ಅಂಥ ಯೋಚನೆ ಏನೂ ಇಲ್ಲ ಅಲ್ವಾ?’ ಎಂದು ಕೇಳಿದರೆ ಯಾವ ಮಗುವೂ ‘ಇದೆ’ ಎನ್ನುವುದಿಲ್ಲ. ಕಂಪ್ಯೂಟರ್ ಕಡೆ ಮುಖ ಹಾಕಿ ಟೈಪ್ ಮಾಡುತ್ತಾ ಕೇಳಬೇಡಿ. ತಾಯಿ ಪಕ್ಕದಲ್ಲಿದ್ದಾಗ ಕೇಳಲೇಬೇಡಿ.

ಇನ್ನು ಆ ತಾಯಿ. ಅವರ ಸಿಟ್ಟಿನ ಹಿಂದೆ ಏನಿರಬಹುದು ಎಂದು ನೀವು ಬರೆದಿಲ್ಲ, ಬಹುಶಃ ನಿಮಗೆ ಹೊಳೆದಿಲ್ಲ. ಮಿಶಿಗನ್‌ನಲ್ಲಿ ನೀವು ಬರೀ ವೈದ್ಯರಲ್ಲ, ಮಕ್ಕಳ ಮೇಲಿನ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಅನುಮಾನ ಬಂದರೆ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದವರು. ಅದು ಆ ತಾಯಿಗೆ ಚೆನ್ನಾಗಿ ಗೊತ್ತಿದೆ. 2017ರ ಒಂದು ಅಂದಾಜಿನ ಪ್ರಕಾರ ಅಮೆರಿಕದ ಕಪ್ಪು ಮಕ್ಕಳಲ್ಲಿ ಶೇ 53 ಮಂದಿ 18 ತುಂಬುವುದರೊಳಗೆ ಮಕ್ಕಳ ರಕ್ಷಣಾ ಇಲಾಖೆಯ ತನಿಖೆಯೊಂದನ್ನು ಕಂಡಿರುತ್ತಾರೆ. ಎಲ್ಲ ಮಕ್ಕಳನ್ನು ಸೇರಿಸಿದರೆ ಶೇ 37. ಅರ್ಧಕ್ಕಿಂತ ಜಾಸ್ತಿ ಮಕ್ಕಳ ಮನೆ ಬಾಗಿಲಿಗೆ ಇಲಾಖೆಯವರು ಬಂದು ಹೋಗಿರುವ ಕಡೆ, ಹೊಸ ಡಾಕ್ಟರೊಬ್ಬರು ‘ನೀವು ಸ್ವಲ್ಪ ಹೊರಗಿರಿ, ಮಗನ ಹತ್ತಿರ ಒಬ್ಬಳೇ ಮಾತಾಡಬೇಕು’ ಎಂದರೆ ತಾಯಿಗೆ ಏನನ್ನಿಸಬೇಕು? ಮಗನನ್ನು ನನ್ನಿಂದ ಕಿತ್ತುಕೊಳ್ಳಲು ಕಾರಣ ಹುಡುಕುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ಇದು ಸುಮ್ನೆ ಸಂಶಯ ಅಲ್ಲ, ಅನುಭವ.

ಅದಕ್ಕೇ ಮೊದಲೇ ಹೇಳಿಬಿಡಿ. ‘12 ದಾಟಿದ ಪ್ರತಿ ಮಗುವಿಗೂ ಕೇಳುತ್ತೇವೆ, ಬಿಪಿ ನೋಡುವ ಹಾಗೆ. ನಿಮ್ಮ ಮಗನನ್ನು ಬೇರೆ ಮಾಡಿ ಕೇಳುತ್ತಿಲ್ಲ. ಅವನಿಗೆ ಅಪಾಯವಿದೆ ಎಂದು ಕಂಡರೆ ಮೊದಲು ನಿಮಗೇ ಹೇಳುತ್ತೇವೆ, ನಿಮ್ಮ ಜೊತೆ ಸೇರಿಯೇ ಮುಂದಿನದು ಯೋಚಿಸುತ್ತೇವೆ.’ ಮಗು ಆತ್ಮಹತ್ಯೆಯ ಯೋಚನೆ ಇದೆ ಎಂದ ಮಾತ್ರಕ್ಕೆ ತಾಯಿಯ ಮೇಲೆ ದೂರು ಹೋಗುವುದಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ. ಇಷ್ಟು ಹೇಳಿದರೆ ಹೆಚ್ಚಿನ ತಾಯಂದಿರು ಎದ್ದು ಹೊರಗೆ ಹೋಗುತ್ತಾರೆ. ಒಪ್ಪದವರೂ ಇರುತ್ತಾರೆ. ಅವರ ಜೊತೆ ವಾದ ಬೇಡ, ಆದರೆ ಬರೆದಿಡಿ, ಮುಂದಿನ ಸಲ ಮತ್ತೆ ಕೇಳಿ.

ಆಸ್ಪತ್ರೆಯ ಮೇಲಿನ ಅಪನಂಬಿಕೆಗೆ ಇತಿಹಾಸವೂ ಇದೆ. ಎಲ್ಲರೂ ಟಸ್ಕೀಗಿಯ ಹೆಸರು ಹೇಳುತ್ತಾರೆ. 1932ರಿಂದ 1972ರವರೆಗೆ ನಲವತ್ತು ವರ್ಷ, ಅಲಬಾಮಾದ ಸುಮಾರು 400 ಕಪ್ಪು ಗಂಡಸರಿಗೆ ಸಿಫಿಲಿಸ್ ಇದೆ ಎಂದು ಗೊತ್ತಿದ್ದೂ, ಪೆನ್ಸಿಲಿನ್ ಸಿಗತೊಡಗಿದ ಮೇಲೂ, ಸರ್ಕಾರದ ಆರೋಗ್ಯ ಇಲಾಖೆಯೇ ಚಿಕಿತ್ಸೆ ಕೊಡದೆ ರೋಗ ಹೇಗೆ ಬೆಳೆಯುತ್ತದೆ ಎಂದು ನೋಡುತ್ತಾ ಕೂತಿತ್ತು. ಆದರೆ ಇವತ್ತಿನ 14 ವರ್ಷದ ಹುಡುಗಿಗೆ ಟಸ್ಕೀಗಿ ಬೇಕಿಲ್ಲ, ಕಳೆದ ಸಲದ ಎಮರ್ಜೆನ್ಸಿ ಸಾಕು. ಅಪೆಂಡಿಸೈಟಿಸ್ ಆಗಿ ವಿಪರೀತ ನೋವಿದ್ದ ಮಕ್ಕಳಲ್ಲೂ ಕಪ್ಪು ಮಕ್ಕಳಿಗೆ ಬಲವಾದ ನೋವಿನ ಔಷಧ ಸಿಕ್ಕಿದ್ದು ತುಂಬಾ ಕಡಿಮೆ ಎಂದು 2015ರಲ್ಲೇ ಗೊತ್ತಾಗಿದೆ. ಎಮರ್ಜೆನ್ಸಿಯಲ್ಲಿ ಮಕ್ಕಳನ್ನು ಕಟ್ಟಿಹಾಕುವುದೂ ಕಪ್ಪು ಮಕ್ಕಳ ವಿಷಯದಲ್ಲೇ ಜಾಸ್ತಿ. ಮನೆಯಿಂದ ಸಹಾಯಕ್ಕೆ ಕರೆ ಮಾಡಿದರೆ ಬರುವುದು ಪೊಲೀಸರು. 2020ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಮಗನ ಮನಸ್ಸಿನ ಸ್ಥಿತಿ ಕೆಟ್ಟಿದೆ ಎಂದು ಮನೆಯವರು ಫೋನ್ ಮಾಡಿದರು. ಬಂದ ಪೊಲೀಸರು 27 ವರ್ಷದ ಆ ಮಗನನ್ನು ತಾಯಿಯ ಎದುರೇ ಗುಂಡಿಕ್ಕಿ ಕೊಂದರು. ಕೈಯಲ್ಲಿ ಚಾಕು ಇತ್ತು ಎಂದರು. ಇದನ್ನೆಲ್ಲ ಟಿವಿಯಲ್ಲಿ ನೋಡಿದ ಮನೆಯವರು ಮಗನ ವಿಷಯವನ್ನು ಹೊರಗೆ ಹೇಳಲು ಹಿಂಜರಿದರೆ ಅದನ್ನು ‘ಅರಿವಿನ ಕೊರತೆ’ ಎಂದು ಕರೆಯುವುದು ಸರಿಯಲ್ಲ.

ಜೊತೆಗೆ ದುಡ್ಡಿನ ಮಾತು. ನಿಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರಿಗೆ ಮೆಡಿಕೈಡ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ, ಇರುತ್ತದೆ. ಕಾಗದದ ಮೇಲೆ ಅದು ಒಳ್ಳೆಯ ವಿಮೆ. 21 ವರ್ಷದವರೆಗೆ ಅಗತ್ಯವಿರುವ ಚಿಕಿತ್ಸೆ ಎಲ್ಲವನ್ನೂ ಕೊಡಬೇಕು ಎಂದು ಕಾನೂನೇ ಹೇಳುತ್ತದೆ. ಆದರೆ ಅದು ವೈದ್ಯರಿಗೆ ಕೊಡುವ ದರ ಕಡಿಮೆ, ಆದ್ದರಿಂದ ತುಂಬಾ ಮನೋವೈದ್ಯರು, ಥೆರಪಿಸ್ಟ್‌ಗಳು ಆ ಕಾರ್ಡ್ ತೆಗೆದುಕೊಳ್ಳುವುದೇ ಇಲ್ಲ. ತೆಗೆದುಕೊಳ್ಳುವ ಕಡೆ ತಿಂಗಳುಗಟ್ಟಲೆ ಕಾಯಬೇಕು. ಅಮೆರಿಕದ ಮನೋವೈದ್ಯರಲ್ಲಿ ಕಪ್ಪು ಜನಾಂಗದವರು ನೂರಕ್ಕೆ ಸುಮಾರು ಇಬ್ಬರು. ಮನಶ್ಶಾಸ್ತ್ರಜ್ಞರಲ್ಲಿ ನಾಲ್ಕೈದು. ತನ್ನಂಥವರೇ ಬೇಕು ಎನ್ನುವ ಮಗುವಿಗೆ ಸಿಗುವುದು ಕಷ್ಟ. ನೀವು ಕೊಟ್ಟ ರೆಫರಲ್ ಚೀಟಿ ಹಿಡಿದು ಆ ತಾಯಿ ಕೆಲಸದ ಮಧ್ಯೆ ಹತ್ತು ಕಡೆ ಫೋನ್ ಮಾಡಿ, ಎಲ್ಲ ಕಡೆ ‘ಮೆಡಿಕೈಡ್ ಇಲ್ಲ’ ಅನ್ನಿಸಿಕೊಂಡು ಸುಮ್ಮನಾಗುತ್ತಾರೆ. ನಿಮ್ಮ ಕಂಪ್ಯೂಟರ್‌ನಲ್ಲಿ ಅದು ‘ರೋಗಿ ಹೋಗಲಿಲ್ಲ’ ಎಂದು ದಾಖಲಾಗುತ್ತದೆ. ಸೀನಿಯರ್‌ಗಳು ಹೇಳುವ ‘ಹೋಗುವುದಿಲ್ಲ’ದ ಒಳಗೆ ಇದೂ ಇದೆ.

ಇಲ್ಲೊಂದು ಕಹಿ ಮಾತು. ಅಮೆರಿಕದಲ್ಲಿರುವ ನಮ್ಮವರ ಬಾಯಲ್ಲಿ, ಡಾಕ್ಟರುಗಳ ಬಾಯಲ್ಲೂ, ‘ಅವರ ಮನೆಗಳೇ ಹಾಗೆ’ ಎಂಬ ಮಾತು ಸಲೀಸಾಗಿ ಬರುತ್ತದೆ. ಅದೇ ಜನ ತಮ್ಮ ಮಗಳು ಮೂರು ವಾರ ಕೋಣೆಯಿಂದ ಹೊರಬರದಿದ್ದಾಗ ‘ಪರೀಕ್ಷೆ ಟೆನ್ಷನ್’ ಎಂದು ಮುಚ್ಚಿಡುತ್ತಾರೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ.

‘ಕೇಳಿ ಏನು ಪ್ರಯೋಜನ’ ಎಂದಿರಿ. ಕೇಳಿ ಬಿಟ್ಟುಬಿಟ್ಟರೆ ಏನೂ ಇಲ್ಲ, ಒಪ್ಪುತ್ತೇನೆ. ಕೇಳಿದ ಮೇಲೆ ಏನು ಮಾಡುತ್ತೀರಿ ಎಂಬುದರಲ್ಲಿದೆ ಎಲ್ಲ. ಅದೃಷ್ಟಕ್ಕೆ ಆ ಕೆಲಸದ ಬಹುಪಾಲಿಗೆ ಮನೋವೈದ್ಯರೇ ಬೇಕಿಲ್ಲ. ಮೊದಲನೆಯದು ಸೇಫ್ಟಿ ಪ್ಲಾನ್. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಇಬ್ಬರು ರೂಪಿಸಿದ ಒಂದು ಹಾಳೆ. ಸಂಕಟ ಏರುವಾಗ ನನಗೆ ಮೊದಲು ಏನಾಗುತ್ತದೆ, ಆಗ ನಾನೇ ಏನು ಮಾಡಬಲ್ಲೆ, ಯಾರ ಜೊತೆ ಇರಬಲ್ಲೆ, ಯಾರಿಗೆ ಹೇಳಬಲ್ಲೆ, ಯಾವ ನಂಬರಿಗೆ ಫೋನ್ ಮಾಡಬೇಕು, ಮನೆಯಲ್ಲಿ ಅಪಾಯದ ವಸ್ತು ಏನಿದೆ. ಮಗುವಿನ ಮಾತಲ್ಲೇ ಬರೆಯಬೇಕು, ನಿಮ್ಮ ಮಾತಲ್ಲಿ ಅಲ್ಲ. ಅಜ್ಜಿಯ ಹೆಸರು ಬರಬಹುದು, ಚರ್ಚಿನ ಯುವಕರ ಗುಂಪಿನವರು ಬರಬಹುದು, ಬಾಸ್ಕೆಟ್‌ಬಾಲ್ ಕೋಚ್ ಬರಬಹುದು. ಮಾಜಿ ಸೈನಿಕರ ಆಸ್ಪತ್ರೆಗಳ ಎಮರ್ಜೆನ್ಸಿಗಳಲ್ಲಿ ಈ ಹಾಳೆ, ಜೊತೆಗೆ ಆಮೇಲಿನ ಫೋನ್ ಕರೆ, ಎರಡೂ ಸೇರಿದಾಗ ಮುಂದಿನ ಆರು ತಿಂಗಳ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆ ಕಂಡಿತು. ಅವರು ಮಕ್ಕಳಲ್ಲ, ನಿಜ. ಆದರೂ ಇಷ್ಟು ಅಗ್ಗದ, ಇಷ್ಟು ಸುಲಭದ ಕೆಲಸವನ್ನು ಬಿಡಲು ನನಗೆ ಕಾರಣ ಕಾಣುವುದಿಲ್ಲ.

ಎರಡನೆಯದು ಬಂದೂಕು. ನಮ್ಮ ಕಡೆಯಿಂದ ಹೋದ ಡಾಕ್ಟರುಗಳು ಇದನ್ನು ಕೇಳಲು ಹಿಂಜರಿಯುತ್ತಾರೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಅದಿರಲಿಲ್ಲ. (ಕೊಡಗಿನವರು ನಗಬಹುದು.) ಕೇಳಲೇಬೇಕು. ಸಂಕಟದ ತುತ್ತತುದಿ ತುಂಬಾ ಹೊತ್ತು ಇರುವುದಿಲ್ಲ. ಆ ಹೊತ್ತಿನಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ‘ಯಾಕೆ ಇಟ್ಟುಕೊಂಡಿದ್ದೀರಿ’ ಎಂದು ಕೇಳಬೇಡಿ. ಅಪಾಯದ ಬೀದಿಯಲ್ಲಿ ಮನೆ ಕಾಯಲು ಇಟ್ಟುಕೊಂಡ ತಾಯಿಗೆ ಆ ಪ್ರಶ್ನೆ ಅವಮಾನ. ‘ಈ ಕೆಲವು ತಿಂಗಳು ಅದನ್ನು ಮನೆಯಿಂದ ಹೊರಗೆ ನಂಬಿಕೆಯವರ ಹತ್ತಿರ ಇಡಲು ಆಗುತ್ತದಾ? ಆಗದಿದ್ದರೆ ಗುಂಡು ಬೇರೆ, ಬಂದೂಕು ಬೇರೆ ಬೀಗದಲ್ಲಿ?’ ಎಂದು ಕೇಳಿ. ಮಿಶಿಗನ್‌ನಲ್ಲಿ 2024ರ ಫೆಬ್ರವರಿಯಿಂದ ಮಕ್ಕಳು ಇರುವ ಮನೆಯಲ್ಲಿ ಬಂದೂಕಿಗೆ ಬೀಗ ಕಡ್ಡಾಯ. ಕೇಬಲ್ ಬೀಗಗಳನ್ನು ಹಲವು ಕಡೆ ಬಿಟ್ಟಿ ಕೊಡುತ್ತಾರೆ. ನಿಮ್ಮ ಕ್ಲಿನಿಕ್ಕಿನ ಡ್ರಾಯರಿನಲ್ಲೇ ಹತ್ತು ಇಟ್ಟುಕೊಳ್ಳಿ. ಮನೆಯಲ್ಲಿರುವ ಮಾತ್ರೆಗಳಿಗೂ ಬೀಗ ಬೇಕು, ಅಜ್ಜಿಯ ಮಾತ್ರೆ ಡಬ್ಬಿಯೂ ಸೇರಿ.

ಮೂರನೆಯದು ಮೊದಲ ವಾರ. ಮಾನಸಿಕ ಕಾರಣಕ್ಕೆ ಅಡ್ಮಿಟ್ ಆಗಿ ಬಿಡುಗಡೆಯಾದ, ಮೆಡಿಕೈಡ್ ಇರುವ 10ರಿಂದ 18 ವಯಸ್ಸಿನ ಮಕ್ಕಳನ್ನು 33 ರಾಜ್ಯಗಳಲ್ಲಿ ನೋಡಿದ ಒಂದು ಅಧ್ಯಯನ 2020ರಲ್ಲಿ ಬಂತು. ಏಳು ದಿನದೊಳಗೆ ಯಾರಾದರೂ ಮತ್ತೆ ನೋಡಿದ್ದರೆ ಮುಂದಿನ ಆರು ತಿಂಗಳಲ್ಲಿ ಆತ್ಮಹತ್ಯೆಯ ಅಪಾಯ ಶೇ 56 ಕಡಿಮೆ ಇತ್ತು. ಕಪ್ಪು ಮಕ್ಕಳಿಗೆ ಆ ಏಳು ದಿನದ ಭೇಟಿ ಸಿಕ್ಕಿದ್ದು ಉಳಿದವರಿಗಿಂತ ಕಡಿಮೆ. ಆದ್ದರಿಂದ ಚೀಟಿ ಕೊಟ್ಟು ಕಳಿಸಬೇಡಿ. ತಾಯಿ ನಿಮ್ಮ ಎದುರು ಕೂತಿರುವಾಗಲೇ ಸೋಷಿಯಲ್ ವರ್ಕರ್ ಫೋನ್ ಮಾಡಿ, ಮೆಡಿಕೈಡ್ ತೆಗೆದುಕೊಳ್ಳುತ್ತಾರಾ ಎಂದು ಕೇಳಿ, ದಿನಾಂಕ ಪಡೆದು, ಬಸ್ಸಿನಲ್ಲಿ ಹೋಗಲು ಆಗುತ್ತದಾ ಎಂದು ನೋಡಿ ಕಳಿಸಬೇಕು. ದಿನಾಂಕ ದೂರವಿದ್ದರೆ ಆ ನಡುವೆ ನೀವೇ ಒಮ್ಮೆ ನೋಡಿ, ನಡುನಡುವೆ ಫೋನ್ ಮಾಡಿ. ಮಿಶಿಗನ್‌ನಲ್ಲಿ ಹಲವು ಶಾಲೆಗಳ ಒಳಗೇ ಆರೋಗ್ಯ ಕೇಂದ್ರಗಳಿವೆ. ಮಗು ದಿನಾ ಹೋಗುವ ಜಾಗ ಅದು, ಅಲ್ಲಿ ಕೌನ್ಸೆಲರ್ ಇದ್ದರೆ ಅದಕ್ಕಿಂತ ಒಳ್ಳೆಯ ರೆಫರಲ್ ಇಲ್ಲ. 14 ತುಂಬಿದ ಮಕ್ಕಳು ಈ ರಾಜ್ಯದಲ್ಲಿ ತಂದೆತಾಯಿಯ ಸಹಿ ಇಲ್ಲದೆಯೂ 12 ಸಲ ಅಥವಾ ನಾಲ್ಕು ತಿಂಗಳವರೆಗೆ ಮಾತಿನ ಚಿಕಿತ್ಸೆ ಪಡೆಯಬಹುದು. ಮಕ್ಕಳಿಗೆ ಇದು ಗೊತ್ತಿರುವುದಿಲ್ಲ. ಕುಟುಂಬವನ್ನು ಬಿಟ್ಟು ಚಿಕಿತ್ಸೆ ಕೊಡಿ ಎನ್ನುತ್ತಿಲ್ಲ. ಫಿಲಡೆಲ್ಫಿಯಾದಲ್ಲಿ ಗೈ ಡೈಮಂಡ್ ತಂಡ ಹೆಚ್ಚಾಗಿ ಕಪ್ಪು ಮಕ್ಕಳೊಂದಿಗೇ ಪರೀಕ್ಷಿಸಿದ ಕುಟುಂಬ ಚಿಕಿತ್ಸೆ ಒಳ್ಳೆಯ ಫಲ ಕೊಟ್ಟಿದೆ. ಅಲ್ಲಿ ತಂದೆತಾಯಿ ಮಗುವಿನ ನಡುವಿನ ಮುರಿದ ನಂಬಿಕೆಯನ್ನು ಸರಿಮಾಡುವುದೇ ಔಷಧ. ಶಿಕಾಗೋದಲ್ಲಿ ಲಾವೋಮ್ ರಾಬಿನ್ಸನ್ ಶಾಲೆಗಳಲ್ಲಿ ನಡೆಸಿದ ಒತ್ತಡ ನಿಭಾಯಿಸುವ ತರಗತಿಗಳು, ಶೆರಿ ಮೊಲಾಕ್ ಚರ್ಚುಗಳ ಜೊತೆ ಮಾಡಿದ ಕೆಲಸ, ಇವೂ ಇವೆ. ‘ಪ್ರಾರ್ಥನೆ ಮಾಡುತ್ತೇವೆ’ ಎಂದ ತಾಯಿಗೆ ‘ಮಾಡಿ, ಪಾಸ್ಟರ್‌ಗೆ ನಾನೂ ಫೋನ್ ಮಾಡಲಾ?’ ಎಂದು ಕೇಳಿ ನೋಡಿ. ಒಪ್ಪಿಗೆ ಇದ್ದರೆ ಮಾತ್ರ ಮಾಡಿ.

ವ್ಯವಸ್ಥೆ ಇಷ್ಟು ದೊಡ್ಡದು, ನಾನೊಬ್ಬಳು ಏನು ಮಾಡಲಿ ಅನ್ನಿಸಬಹುದು. ಹೆನ್ರಿ ಫೋರ್ಡ್‌ನವರು 2001ರಲ್ಲಿ ತಮ್ಮ ಮಾನಸಿಕ ಆರೋಗ್ಯ ವಿಭಾಗದ ಒಬ್ಬ ರೋಗಿಯೂ ಆತ್ಮಹತ್ಯೆಯಿಂದ ಸಾಯಬಾರದು ಎಂಬ ಗುರಿ ಇಟ್ಟುಕೊಂಡಾಗ ಹುಚ್ಚು ಎಂದವರಿದ್ದರು. ಎಲ್ಲರನ್ನೂ ಕೇಳುವುದು, ಬೇಗ ಅಪಾಯಿಂಟ್‌ಮೆಂಟ್, ಬಂದೂಕಿನ ಮಾತು, ತಪ್ಪಿಸಿಕೊಂಡವರಿಗೆ ಫೋನ್. ನಾಲ್ಕೈದು ವರ್ಷದಲ್ಲಿ ಪ್ರಮಾಣ ಸುಮಾರು ಮುಕ್ಕಾಲು ಪಾಲು ಇಳಿಯಿತು. ದೊಡ್ಡ ಹಣದ ದಾರಿ ಈಗ ಕಿರಿದಾಗುತ್ತಿದೆ. ಶಾಲೆಗಳಲ್ಲಿ ಕೌನ್ಸೆಲರ್‌ಗಳನ್ನು ಹೆಚ್ಚಿಸಲು 2022ರ ಕಾನೂನಿನಡಿ ಕೊಟ್ಟಿದ್ದ ಸುಮಾರು ನೂರು ಕೋಟಿ ಡಾಲರ್ ಅನುದಾನವನ್ನು ಕೇಂದ್ರ ಶಿಕ್ಷಣ ಇಲಾಖೆ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಲು ಹೊರಟಿತು, ರಾಜ್ಯಗಳು ಕೋರ್ಟಿಗೆ ಹೋದವು. ಕ್ಲಿನಿಕ್ಕಿನ ಒಳಗಿನ ಕೆಲಸಕ್ಕೆ ಅಷ್ಟು ಹಣ ಬೇಕಿಲ್ಲ.

ಪ್ರತಿ ಮಗುವಿಗೂ, ‘ಇಲ್ಲ’ ಎಂದ ಮಗುವಿಗೂ, ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ರ ನಂಬರ್ ಕೊಡಿ. ಕರೆ ಮಾಡಬಹುದು, ಮೆಸೇಜ್ ಮಾಡಬಹುದು, ಹಗಲು ರಾತ್ರಿ ಇರುತ್ತದೆ. ಪೊಲೀಸ್ ಬರುತ್ತಾರಾ ಎಂದು ಕೇಳುತ್ತಾರೆ. ಬಹುಪಾಲು ಕರೆಗಳು ಫೋನಿನಲ್ಲೇ ಮುಗಿಯುತ್ತವೆ, ತುರ್ತು ಸೇವೆ ಕಳಿಸುವುದು ನೂರಕ್ಕೆ ಒಂದೆರಡು ಕರೆಗಳಲ್ಲಿ ಮಾತ್ರ, ಎಂದು ನಿಜವನ್ನೇ ಹೇಳಿ. ‘ಎಂದಿಗೂ ಬರಲ್ಲ’ ಎಂದು ಸುಳ್ಳು ಭರವಸೆ ಬೇಡ. ಇದನ್ನು ಊರಿನಲ್ಲಿ ಕೂತು ಓದುತ್ತಿರುವವರಿಗೆ: ಭಾರತದಲ್ಲಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಓದುತ್ತಾ ನಿಮಗೇ ಭಾರವಾಗಿದ್ದರೆ ಈಗಲೇ ಮಾಡಿ.

ರೆಸಿಡೆನ್ಸಿಯಲ್ಲಿ ಹೇಗೂ ಗುಣಮಟ್ಟ ಸುಧಾರಣೆಯ ಪ್ರಾಜೆಕ್ಟ್ ಅಂತ ಒಂದು ಮಾಡಬೇಕಲ್ಲ. ಹೆಚ್ಚಿನವರು ಕೈ ತೊಳೆಯುವುದರ ಮೇಲೆ ಮಾಡಿ ಮುಗಿಸುತ್ತಾರೆ. ನೀವು ಇದನ್ನು ತೆಗೆದುಕೊಳ್ಳಿ: ಕಳೆದ ಆರು ತಿಂಗಳಲ್ಲಿ ನಿಮ್ಮ ಕ್ಲಿನಿಕ್ಕಿನಲ್ಲಿ ಎಷ್ಟು ಮಕ್ಕಳು ‘ಹೌದು’ ಎಂದರು, ಅವರಲ್ಲಿ ಎಷ್ಟು ಜನರಿಗೆ ಏಳು ದಿನದೊಳಗೆ ಯಾರಾದರೂ ಸಿಕ್ಕರು, ಯಾವ ವಿಮೆಯವರು ಎಲ್ಲಿ ಕಳೆದುಹೋದರು. ಹೋಗದವರ ಮನೆಗೆ ಫೋನ್ ಮಾಡಿ ಯಾಕೆ ಆಗಲಿಲ್ಲ ಎಂದು ಕೇಳಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಸೀನಿಯರ್‌ಗಳ ಮುಂದಿಡಿ. ಏನು ಬಂತು ಎಂದು ನನಗೂ ಬರೆಯಿರಿ.